ಮೈನರ್ ಲೀಗ್ ಐಸ್ ಹಾಕಿ: 50 ಶಟ್‌ಔಟ್ ಮಾಡಿದವನನ್ನ ಒಂದೇ ಒಂದು ಗೋಲಿಂದ ನೆನಪಿಟ್ಕೊಂಡಿದಾರೆ

ರಾಕ್‌ಫರ್ಡ್_ರಘು

ಎಲ್ರಿಗೂ ನಮಸ್ಕಾರ. ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

2014ರಿಂದ ಎರಡು ಚಳಿಗಾಲ ನಾನು ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿದ್ದೆ. ಷಿಕಾಗೋದಿಂದ ಒಂದೂವರೆ ಗಂಟೆ ದಾರಿ, ಫ್ಯಾಕ್ಟರಿ ಊರು, ಜನವರಿಯಲ್ಲಿ ಸಂಜೆ ಐದಕ್ಕೆ ಕತ್ತಲು, ಕೆಲಸ ಬಿಟ್ರೆ ಮಾಡೋಕೇನೂ ಇಲ್ಲ. ಆಫೀಸಲ್ಲಿ ಯಾರೋ ಟಿಕೆಟ್ ಕೊಟ್ರು ಅಂತ ಐಸ್‌ಹಾಗ್ಸ್ ಟೀಮಿನ ಹಾಕಿ ನೋಡೋಕೆ ಹೋದೆ. ಇದು ಎಎಚ್‌ಎಲ್, ಅಂದ್ರೆ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗು. ಷಿಕಾಗೋ ಬ್ಲ್ಯಾಕ್‌ಹಾಕ್ಸ್ ತಮ್ಮ ಹುಡುಗರನ್ನ ಪಳಗಿಸೋದು, ವಯಸ್ಸಾದವರನ್ನ ಬೇಕಾದಾಗ ಇರ್ಲಿ ಅಂತ ಇಟ್ಕೊಳ್ಳೋದು ಇಲ್ಲೇ.

ಪಕ್ಕದ ಸೀಟಲ್ಲಿ ಒಬ್ರು ತಾತ, ರಿಟೈರ್ ಆದ ಮೆಷಿನಿಸ್ಟು, ಮೈಮೇಲೆ ಷಿಕಾಗೋ ಸ್ಟಾರ್ ಪ್ಯಾಟ್ರಿಕ್ ಕೇನ್‌ನ 88ನೇ ನಂಬರ್ ಜರ್ಸಿ. ನಮ್ಮ ಗೋಲ್‌ಕೀಪರ್ ಒಂದು ಶಾಟ್ ತಡೆದಾಗ ಎಲ್ರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು ನನ್ನ ಕಡೆ ತಿರುಗಿ, ಇವನು ಯಾರು ಗೊತ್ತಾ, 2010ರಲ್ಲಿ ನಮಗೆ ಕಪ್ ಕೊಟ್ಟವನೇ ಇವನು ಅಂದ್ರು. ನಾನು ಓಹೋ ಷಿಕಾಗೋ ಪರ ಆಡಿರ್ಬೇಕು ಅಂದ್ಕೊಂಡೆ. ಇಲ್ಲ, ಎದುರು ಟೀಮಲ್ಲಿದ್ದ ಅಂತ ಹೇಳಿ ನಗೋಕೆ ಶುರು ಮಾಡಿದ್ರು.

ಆತ ಮೈಕಲ್ ಲೇಟನ್, ಆಗ ಫಿಲಡೆಲ್ಫಿಯಾ ಗೋಲ್‌ಕೀಪರ್. 2010ರ ಜೂನ್ 9, ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಫೈನಲ್‌ನ ಆರನೇ ಮ್ಯಾಚು, ಫಿಲಡೆಲ್ಫಿಯಾದಲ್ಲಿ, 3-3, ಓವರ್‌ಟೈಮ್ (ಮೊದಲು ಗೋಲ್ ಹೊಡೆದವರೇ ಗೆದ್ದಂಗೆ) ಶುರುವಾಗಿ 4 ನಿಮಿಷ 6 ಸೆಕೆಂಡ್. ಕೇನ್ ಎಡಗಡೆ ಮೂಲೆಯಿಂದ, ಯಾರೂ ಗೋಲ್ ಆಗುತ್ತೆ ಅಂದ್ಕೊಳ್ಳದ ಕೋನದಿಂದ ಪಕ್‌ನ, ಅಂದ್ರೆ ಆಡೋ ರಬ್ಬರ್ ಬಿಲ್ಲೆನ, ಗೋಲ್ ಕಡೆ ತಳ್ಳಿದ. ಅದು ಲೇಟನ್ ಕಾಲಡಿ ಜಾರಿ ಬಲೆ ಬುಡದಲ್ಲಿರೋ ಪ್ಯಾಡಿಂಗ್ ಅಡಿ ಸಿಕ್ಕಾಕ್ಕೊಂಡ್ತು. ಹಿಂದಿನ ಕೆಂಪು ಲೈಟ್ ಹತ್ಲಿಲ್ಲ. ಸ್ಟೇಡಿಯಂ ತುಂಬ ಜನ ಇದಾರೆ, ಗೋಲ್ ಆಗಿದೆ ಅಂತ ಗೊತ್ತಾಗಿದ್ದು ಹೊಡೆದ ಕೇನ್‌ಗೆ ಮಾತ್ರ. ಅವನು ಗ್ಲೌಸ್ ಕಿತ್ತೆಸೆದು ಆ ತುದಿಗೆ ಓಡ್ತಿದಾನೆ, ಅವನ ಟೀಮಿನವರೇ ಇವನಿಗೇನಾಯ್ತಪ್ಪ ಅಂತ ನೋಡ್ತಿದಾರೆ. 1961 ಆದ್ಮೇಲೆ ಷಿಕಾಗೋಗೆ ಮೊದಲ ಕಪ್ಪು.

ನನ್ನ ಪ್ರಶ್ನೆ ಇಷ್ಟೇ. ಇದೇ ಮನುಷ್ಯ ಎಎಚ್‌ಎಲ್‌ನಲ್ಲಿ 50 ಶಟ್‌ಔಟ್ ಮಾಡಿದಾನೆ, ಅಂದ್ರೆ 50 ಮ್ಯಾಚಲ್ಲಿ ಎದುರಾಳಿಗೆ ಒಂದೂ ಗೋಲ್ ಬಿಟ್ಟಿಲ್ಲ, ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು. ಎನ್‌ಎಚ್‌ಎಲ್ ಆಡಿದ್ದು ನೂರ ಚಿಲ್ಲರೆ ಮ್ಯಾಚು. ಇಂಥವರನ್ನ ಇಲ್ಲಿ ಜರ್ನಿಮ್ಯಾನ್ ಅಂತಾರೆ. ನೀವು ಇದನ್ನ ಸೋತ ಕರಿಯರ್ ಅಂತೀರಾ, ಗೆದ್ದ ಕರಿಯರ್ ಅಂತೀರಾ?

ಧಾರವಾಡ_ಪೇಡೆ

ರಘು ಅವ್ರ, ಮೊದಲ ಒಂದ್ ಮಾತ ಹೇಳ್ರಿ. ಜರ್ನಿಮ್ಯಾನ್ ಅಂದ್ರ ಏನ್ರಿ, ಊರೂರು ತಿರಗಾಂವ ಅಂತನ? ಮತ್ತ ಗೋಲ್‌ಕೀಪರ್‌ಗ ಗೋಲಿ ಗೋಲಿ ಅಂತ ಎಲ್ಲಾ ಕಡೆ ಬರೀತಾರಲ್ರಿ, ನಮಗ ಗೋಲಿ ಅಂದ್ರ ಗೋಲಿ ಸೋಡಾನ ನೆನಪಾಗ್ತದ.

ರಾಕ್‌ಫರ್ಡ್_ರಘು

ಹ್ಹಹ್ಹ ಸರಿ ಸಾರ್, ಗೋಲ್‌ಕೀಪರ್ ಅಂತಲೇ ಬರೀತೀನಿ. ಊರೂರು ತಿರುಗೋದು ಪದದ ಅರ್ಥ ಅಲ್ಲ, ಆದ್ರೆ ಬದುಕು ಹಾಗೇ ಇರುತ್ತೆ. ಕೆಲಸ ಚೆನ್ನಾಗಿ ಗೊತ್ತು, ಎಲ್ಲಿ ಕರೆದ್ರೂ ಹೋಗ್ತಾನೆ, ಎಲ್ಲೂ ನೆಲೆ ನಿಲ್ಲಲ್ಲ.

ಈತನ ಲಿಸ್ಟ್ ನೋಡಿ. ಒಂಟಾರಿಯೋದ ಪೆಟ್ರೋಲಿಯಾ ಅಂತ ಸಣ್ಣ ಊರಲ್ಲಿ 1981ರಲ್ಲಿ ಹುಟ್ಟಿದ್ದು. 1999ರ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋವಾಗ, ಆರನೇ ರೌಂಡು, 165ನೇ ಹೆಸರು, ಆರಿಸಿದ್ದು ಯಾರು ಗೊತ್ತಾ, ಷಿಕಾಗೋನೇ. ನಾರ್ಫೋಕ್, ಷಿಕಾಗೋ, ರಾಚೆಸ್ಟರ್, ಪೋರ್ಟ್‌ಲೆಂಡ್, ನ್ಯಾಷ್‌ವಿಲ್, ಫಿಲಡೆಲ್ಫಿಯಾ, ಆಲ್ಬನಿ, ಕ್ಯಾರೊಲೈನಾ, ಮತ್ತೆ ಫಿಲಡೆಲ್ಫಿಯಾ, ಗ್ಲೆನ್ಸ್ ಫಾಲ್ಸ್, ಯುಕ್ರೇನ್‌ನ ಡೊನೆಟ್ಸ್ಕ್, ರಾಕ್‌ಫರ್ಡ್, ಷಾರ್ಲೆಟ್, ಟೂಸಾನ್, ಯೂಟಿಕಾ... ಇನ್ನೂ ಒಂದೆರಡು ಬಿಟ್ಟಿದೀನಿ. 2006-07ರಲ್ಲಂತೂ ಒಂದೇ ಸೀಸನ್‌ನಲ್ಲಿ ಅನಾಹೈಮ್ ಜೊತೆ ಕಾಂಟ್ರಾಕ್ಟ್ ಮಾಡ್ಕೊಂಡು, ಅಲ್ಲಿಂದ ನ್ಯಾಷ್‌ವಿಲ್ ಎತ್ಕೊಂಡು, ಅಲ್ಲಿಂದ ಫಿಲಡೆಲ್ಫಿಯಾ, ಅಲ್ಲಿಂದ ಮಾಂಟ್ರಿಯಲ್.

ಈ ಎತ್ಕೊಳ್ಳೋದಕ್ಕೆ ವೇವರ್ಸ್ ಅಂತಾರೆ. ಮಧ್ಯಾಹ್ನ ಲಿಸ್ಟ್ ಹಾಕ್ತಾರೆ, 24 ಗಂಟೆ ಟೈಮು, ಬೇರೆ ಯಾವ ಟೀಮ್ ಬೇಕಾದ್ರೂ ಪುಕ್ಕಟೆ ತಗೋಬಹುದು, ಇಬ್ರು ಕೈ ಎತ್ತಿದ್ರೆ ಪಾಯಿಂಟ್ ಪಟ್ಟಿಯಲ್ಲಿ ಕೆಳಗಿರೋ ಟೀಮಿಗೆ ಮೊದಲ ಹಕ್ಕು. ಯಾರೂ ಎತ್ಕೊಳ್ಳದಿದ್ರೆ ಮೈನರ್ ಲೀಗಿಗೆ. ಆ 24 ಗಂಟೆ ಅವನ ಹೆಂಡತಿ ಮಕ್ಕಳು ಸಾಮಾನು ಕಟ್ಟೋದೋ ಬಿಚ್ಚೋದೋ ಗೊತ್ತಿಲ್ಲದೆ ಕೂತಿರ್ತಾರೆ.

ಕುಂದಾಪ್ರ_ಮೇಳ

ಮಾರಾಯ್ರೆ ಇದು ನಮ್ಮ ಯಕ್ಷಗಾನ ಮೇಳದ ತಿರುಗಾಟ ಅಲ್ವಾ! ದೀಪಾವಳಿ ಕಳೆದ ಮೇಲೆ ಮೇಳ ಹೊರಡ್ತದೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು, ನಡುವೆ ದಿನಕ್ಕೊಂದು ಊರು, ರಾತ್ರಿ ಇಡೀ ಆಟ, ಹಗಲು ನಿದ್ದೆ. ಮುಂದಿನ ವರ್ಷ ಯಾವ ಮೇಳ ಅಂತ ಗೊತ್ತಿಲ್ಲ. ನನ್ನ ಮಾವ ಎರಡನೇ ವೇಷ ಮಾಡ್ತಾ ಇದ್ದವರು, ಮೂರು ಮೇಳ ಬಿಟ್ಟು ನಾಲ್ಕನೆಯದಕ್ಕೆ ಸೇರಿದ್ರು. ಅವರನ್ನು ಯಾರೂ ಸೋತವರು ಅಂತ ಹೇಳಲಿಲ್ಲ. ಹಾಕಿಯವರೂ ಬಸ್ಸಲ್ಲೇ ಹೋಗುವುದಾ?

ರಾಕ್‌ಫರ್ಡ್_ರಘು

ಬಸ್ಸೇ ಸಾರ್. ಶುಕ್ರವಾರ ಶನಿವಾರ ಭಾನುವಾರ, ಮೂರು ರಾತ್ರಿ ಮೂರು ಮ್ಯಾಚ್ ಎಎಚ್‌ಎಲ್‌ನಲ್ಲಿ ಮಾಮೂಲಿ. ರಾಕ್‌ಫರ್ಡ್‌ನವರ ಪುಣ್ಯ, ಮಿಲ್ವಾಕಿ, ರೋಸ್‌ಮಾಂಟ್ ಎಲ್ಲ ಪಕ್ಕದಲ್ಲೇ. ಪೂರ್ವದ ಕಡೆ ಹಿಮ ಬಿದ್ದ ಹೆದ್ದಾರಿಯಲ್ಲಿ ಮಧ್ಯರಾತ್ರಿ ವಾಪಸ್ ಬರಬೇಕು. 2009ರ ಫೆಬ್ರವರಿಯಲ್ಲಿ ಆಲ್ಬನಿ ರಿವರ್ ರ‍್ಯಾಟ್ಸ್ ಟೀಮ್ ಲೋವೆಲ್‌ನಲ್ಲಿ ಮ್ಯಾಚ್ ಮುಗಿಸಿ ಬರ್ತಿದ್ದಾಗ ಬೆಳಗಿನ ಜಾವ ಬಸ್ ಮಗುಚಿ ಬಿತ್ತು, ಆಟಗಾರರಿಗೆ ಕತ್ತಿನ ತನಕ ಪೆಟ್ಟಾಯ್ತು. ಅದೇ ಲೇಟನ್ ಒಂದು ವರ್ಷ ಮುಂಚೆ ಆಡ್ತಿದ್ದ ಟೀಮು.

ಬಸವನಗುಡಿ_ಬೌಲರ್

ಗುರು, ಸ್ವಲ್ಪ ಎದುರು ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ. ಒಂದು ಗೋಲಿಂದ ಹಾಳಾದ ಅನ್ನೋದು ಸೆಂಟಿಮೆಂಟು. ಆ ಫೈನಲ್ ನಾನೂ ಆಮೇಲೆ ಯೂಟ್ಯೂಬಲ್ಲಿ ನೋಡಿದೀನಿ. ಮೊದಲ ಮ್ಯಾಚಲ್ಲಿ 20 ಶಾಟಿಗೆ 5 ಗೋಲ್ ಬಿಟ್ಟ, ಕೋಚ್ ಎಬ್ಬಿಸಿ ಕೂರಿಸಿದ್ರು. ಐದನೇ ಮ್ಯಾಚಲ್ಲಿ ಮೊದಲ ಪೀರಿಯಡ್ (20 ನಿಮಿಷದ ಮೂರು ಭಾಗದಲ್ಲಿ ಮೊದಲನೇದು) ಮುಗಿಯೋಷ್ಟರಲ್ಲೇ ಮತ್ತೆ ಬದಲಿ. ಅಂದ್ರೆ ಕೇನ್ ಗೋಲ್ ಆಕಸ್ಮಿಕ ಅಲ್ಲ, ಮೂರನೇ ಸಲ ಆಗಿದ್ದು. ಕೆಳಗಿನ ಲೀಗಲ್ಲಿ ಹುಲಿ, ಮೇಲೆ ಹೋದ್ರೆ ಸಾಲಲ್ಲ. ರಣಜಿಯಲ್ಲಿ ರಾಶಿ ರನ್ ಹೊಡೆದು ಟೆಸ್ಟಲ್ಲಿ ಬೌನ್ಸರಿಗೆ ಔಟ್ ಆಗೋವ್ರು ನಮ್ಮಲ್ಲಿಲ್ವಾ?

ಷಾರ್ಲೆಟ್_ಸುಮಾ

ಬೌಲರ್ ಅವರೇ ಅರ್ಧ ಸತ್ಯ ಹೇಳ್ತಿದೀರಿ, ಇನ್ನರ್ಧ ನಾನು ಹೇಳ್ತೀನಿ, ನಮ್ಮೆಜಮಾನ್ರು ಫಿಲಡೆಲ್ಫಿಯಾದಲ್ಲಿ ಓದಿದವರು, ನಮ್ಮನೇಲಿ ಈ ಕಥೆ ಹಬ್ಬಕ್ಕೊಂದ್ಸಲ ಓದೋ ಪುರಾಣ ಇದ್ದಂಗೆ.

ಆ ಸೀಸನಲ್ಲಿ, 2009ರ ಡಿಸೆಂಬರಲ್ಲಿ, ಕ್ಯಾರೊಲೈನಾ ಬೇಡ ಅಂತ ವೇವರ್ಸಿಗೆ ಹಾಕಿದ್ದನ್ನ ಫಿಲಡೆಲ್ಫಿಯಾ ತಗೊಂಡಿದ್ದು. ಬಂದವನು 16 ಗೆದ್ದು 5 ಸೋತ. ಹೊಸ ವರ್ಷದ ದಿನ ಬಾಸ್ಟನ್‌ನ ಫೆನ್‌ವೇ ಬೇಸ್‌ಬಾಲ್ ಮೈದಾನದಲ್ಲಿ ಬಯಲಲ್ಲೇ ಐಸ್ ಹಾಸಿ ಆಡಿದ ಮ್ಯಾಚಲ್ಲೂ ಇವನೇ. ಮಾರ್ಚಲ್ಲಿ ಕಾಲಿನ ಮಣಿಕಟ್ಟು ಉಳುಕಿ ಕೂತ, ಸೀಸನ್ ಮುಗೀತು ಅಂದ್ಕೊಂಡ್ರು. ಪ್ಲೇಆಫ್‌ನಲ್ಲಿ, ಅಂದ್ರೆ ಲೀಗ್ ಮುಗಿದ ಮೇಲಿನ ನಾಕೌಟ್ ಸರಣಿಗಳಲ್ಲಿ, ಬಾಸ್ಟನ್ ಮೇಲೆ ಮೊದಲ ಮೂರು ಮ್ಯಾಚ್ ಸೋತು ನಾಲ್ಕನೇದು ಹೇಗೋ ಗೆದ್ರು, ಐದನೇದ್ರಲ್ಲಿ ಗೋಲಲ್ಲಿದ್ದ ಬ್ರಯಾನ್ ಬೂಷೆಗೆ ಎರಡೂ ಮಂಡಿ ಪೆಟ್ಟಾಯ್ತು. ಬೆಂಚಲ್ಲಿ ಟೋಪಿ ಹಾಕ್ಕೊಂಡು ಬಾಗಿಲು ತೆಗೆದು ಹಾಕೋ ಕೆಲಸ ಮಾಡ್ತಿದ್ದ ಲೇಟನ್, ಬದಲಿ ಗೋಲ್‌ಕೀಪರ್ ಕೆಲಸ ಅದೇ ತಾನೇ, ಎದ್ದು ಹೆಲ್ಮೆಟ್ ಹಾಕ್ಕೊಂಡು ಹೋಗಿ ನಿಂತ, ಇಬ್ರೂ ಸೇರಿ ಒಂದೂ ಗೋಲ್ ಬಿಡ್ಲಿಲ್ಲ. ಪ್ಲೇಆಫಲ್ಲಿ ಇಬ್ರು ಹಂಚಿಕೊಂಡ ಶಟ್‌ಔಟ್ 1955ರ ನಂತರ ಅದೇ ಮೊದಲು.

ಏಳನೇ ಮ್ಯಾಚಲ್ಲಿ ಮೊದಲ ಹದಿನೈದು ನಿಮಿಷದೊಳಗೇ ಮೂರು ಗೋಲ್ ಬಿಟ್ಟ. 3-0 ಹಿಂದೆ, ಸರಣಿಯೂ 3-0 ಇಂದ ಎಳೆದು ತಂದಿದ್ದು. ಆಮೇಲೆ ನಲವತ್ತೈದು ನಿಮಿಷ ಬಾಗಿಲು ಮುಚ್ಚಿದ, 4-3 ಗೆದ್ರು. ಮುಂದಿನ ಸರಣಿಯಲ್ಲಿ ಮಾಂಟ್ರಿಯಲ್ ಮೇಲೆ ಮೂರು ಶಟ್‌ಔಟ್. ಮೂರು ವರ್ಷದ ಹಿಂದೆ ಎತ್ಕೊಂಡು ಒಂದು ಮ್ಯಾಚೂ ಆಡಿಸದೆ ಬಿಟ್ಟಿತ್ತಲ್ಲ, ಅದೇ ಮಾಂಟ್ರಿಯಲ್. ಇದನ್ನೆಲ್ಲ ಬಿಟ್ಟು ಬರೀ ಫೈನಲ್ ಲೆಕ್ಕ ಹಾಕಿದ್ರೆ ಹೇಗೆ ಹೇಳಿ. ಇವನಿಲ್ದಿದ್ರೆ ಆ ಫೈನಲ್ಲೇ ಇರ್ತಿರ್ಲಿಲ್ಲ.

ಬಸವನಗುಡಿ_ಬೌಲರ್

ಸರಿ ಮೇಡಂ ಒಪ್ಕೊಂಡೆ, ಮಾಂಟ್ರಿಯಲ್ ವಿಷಯ ಗೊತ್ತಿರ್ಲಿಲ್ಲ. ಆದ್ರೂ ಸಾಕಾಗ್ಲಿಲ್ಲ ಅನ್ನೋದು ಬೈಗುಳ ಅಲ್ಲ. ಆಗ 30 ಟೀಮು, ಒಂದೊಂದಕ್ಕೆ ಇಬ್ರು, ಒಟ್ಟು 60 ಜನಕ್ಕೆ ಕೆಲಸ. 61ನೇ ಒಳ್ಳೆ ಗೋಲ್‌ಕೀಪರ್ ಆದ್ರೆ ಬಸ್ಸು. ನಮ್ಮ ಬಿ. ವಿಜಯಕೃಷ್ಣ ನೆನಪಾಗ್ತಾರೆ, ಕರ್ನಾಟಕಕ್ಕೆ ಎಡಗೈ ಸ್ಪಿನ್ ಹಾಕಿದವರು, ಟೀಮಲ್ಲೇ ಪ್ರಸನ್ನ, ಚಂದ್ರಶೇಖರ್ ಇದ್ದಾಗ ಮೂರನೇ ಸ್ಪಿನ್ನರ್ ಅಂತಲೇ ಆಯ್ತು, ಟೆಸ್ಟ್ ಆಡ್ಲೇ ಇಲ್ಲ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತಗೊಂಡು ಒಂದು ಟೆಸ್ಟೂ ಇಲ್ಲ.

ಧಾರವಾಡ_ಪೇಡೆ

ಅದೆಲ್ಲಾ ಖರೆ, ರೊಕ್ಕದ ಮಾತ ಯಾರೂ ಆಡವಲ್ರಿ. ಇಷ್ಟ ಊರು ತಿರಗಿ ಏನ್ ಗಳಿಸ್ಯಾನ?

ರಾಕ್‌ಫರ್ಡ್_ರಘು

ಇದೇ ವಿಚಿತ್ರ ಸಾರ್. ಎಎಚ್‌ಎಲ್‌ನಲ್ಲಿ ಆ ಕಾಲಕ್ಕೆ ಕನಿಷ್ಠ ಸಂಬಳ ವರ್ಷಕ್ಕೆ 45 ಸಾವಿರ ಡಾಲರ್ ಆಸುಪಾಸು, ಎನ್‌ಎಚ್‌ಎಲ್‌ನಲ್ಲಿ ಐದೂವರೆ ಲಕ್ಷದ ಮೇಲೆ. ಟೂ-ವೇ ಕಾಂಟ್ರಾಕ್ಟ್ ಆದ್ರೆ ಮೇಲೆ ಎಷ್ಟು ದಿನ ಇದ್ನೋ ಅಷ್ಟು ದಿನಕ್ಕೆ ಮೇಲಿನ ಸಂಬಳ, ಕೆಳಗೆ ಬಂದ ದಿನದಿಂದ ಕೆಳಗಿನದು. ಅದಕ್ಕೇ ಒಂದು ಫೋನ್ ಕಾಲ್ ಅಷ್ಟು ದೊಡ್ಡದು.

ಲೇಟನ್‌ಗೆ 2010ರ ಆ ಓಟ ಆದ್ಮೇಲೆ ಫಿಲಡೆಲ್ಫಿಯಾ ಎರಡು ವರ್ಷಕ್ಕೆ 31 ಲಕ್ಷ ಡಾಲರ್ ಕೊಡ್ತು. ಕೈಗೆ ಬಂತು ಅನ್ನೋಷ್ಟರಲ್ಲಿ ಬೆನ್ನಿನ ಆಪರೇಷನ್. ವಾಪಸ್ ಬಂದಾಗ ಬೊಬ್ರೋವ್‌ಸ್ಕಿ ಅಂತ ರಷ್ಯಾದ ಹುಡುಗ ಜಾಗ ಹಿಡಿದಿದ್ದ. ಇವನನ್ನ ಗ್ಲೆನ್ಸ್ ಫಾಲ್ಸಿಗೆ, ಅಡಿರಾಂಡ್ಯಾಕ್ ಟೀಮಿಗೆ ಕಳಿಸಿದ್ರು. 2011ರ ಏಪ್ರಿಲಲ್ಲಿ ಧೈರ್ಯ ಮಾಡಿ ಕರೆಸಿ ಬಫಲೋ ಮೇಲೆ ಆಡಿಸಿದ್ರು, ಮೊದಲ ಪೀರಿಯಡ್ಡಲ್ಲೇ ಮೂರು ಗೋಲು, ಎಬ್ಬಿಸಿದ್ರು. ಮ್ಯಾಚ್ ಮಾತ್ರ ಟೀಮ್ ಗೆದ್ತು, ಅವನ ಹಣೆಬರಹ ನೋಡಿ.

ಮುಂದಿನ ಸೀಸನ್ ಪೂರ್ತಿ ಅದೇ ಸಣ್ಣ ಊರಲ್ಲಿ. ಆಗ ಒಂದು ರೂಲ್ ಇತ್ತು, ದೊಡ್ಡ ಸಂಬಳದವನನ್ನ ಕೆಳಗಿಂದ ವಾಪಸ್ ಮೇಲಕ್ಕೆ ಕರೆಯೋಕೂ ವೇವರ್ಸ್ ದಾಟಿಸ್ಬೇಕು, ಬೇರೆ ಟೀಮು ಅರ್ಧ ಸಂಬಳಕ್ಕೆ ಎತ್ಕೋಬಹುದು, ಉಳಿದರ್ಧ ಹಳೇ ಟೀಮಿನ ತಲೆ ಮೇಲೆ, ಅದೂ ಸ್ಯಾಲರಿ ಕ್ಯಾಪ್, ಅಂದ್ರೆ ಟೀಮಿನ ಒಟ್ಟು ಸಂಬಳದ ಮಿತಿ, ಲೆಕ್ಕದಲ್ಲಿ. ಹಾಗಾಗಿ ಸಂಬಳ ಜಾಸ್ತಿ ಇದ್ದಿದ್ದಕ್ಕೇ ಮೇಲಕ್ಕೆ ಕರೆಯೋಕೆ ಹೆದರ್ತಿದ್ರು. 45 ಸಾವಿರದವನು ಸಲೀಸಾಗಿ ಹೋಗಿ ಬರ್ತಿದ್ದ, ಇವನು ಲಕ್ಷಗಟ್ಟಲೆ ತಗೊಂಡು ಬಸ್ಸಲ್ಲಿ. ಆ ರೂಲ್ 2013ರಲ್ಲಿ ತೆಗೆದ್ರು. ಅದೇ ವರ್ಷ ಏಪ್ರಿಲಲ್ಲಿ ಇವನ ಜೊತೆ ಒಂದು ಡ್ರಾಫ್ಟ್ ಪಿಕ್ ಸೇರಿಸಿ ಕೊಲಂಬಸ್‌ಗೆ ಕೊಟ್ಟು ಸ್ಟೀವ್ ಮೇಸನ್‌ನ ತಗೊಂಡ್ರು, ತರಕಾರಿ ತಗೊಂಡ್ರೆ ಕೊಸರಿಗೆ ಕೊತ್ತಂಬರಿ ಹಾಕ್ತಾರಲ್ಲ ಹಾಗೆ. ಕೊತ್ತಂಬರಿ ಯಾವುದು ಅಂತ ನಾನು ಹೇಳಲ್ಲ.

ಟೊರಾಂಟೊ_ತಿಪ್ಪೇಶಿ

ಐಸ್ ಸರಿ ಮಾಡೋ ಜ್ಯಾಂಬೋನಿ ಗಾಡಿ ಓಡಿಸ್ತಿದ್ದವನು ಗೋಲ್‌ಕೀಪರ್ ಆಗಿ ಮ್ಯಾಚ್ ಗೆಲ್ಸಿದ್ದು ಇವನೇ ಅಲ್ವಾ?

ಷಾರ್ಲೆಟ್_ಸುಮಾ

ಅಲ್ಲ ಅಲ್ಲ, ಅದು ಡೇವಿಡ್ ಏರ್ಸ್, 2020ರ ಫೆಬ್ರವರಿ 22, ನಿಮ್ಮೂರು ಟೊರಾಂಟೊದಲ್ಲೇ. ಕ್ಯಾರೊಲೈನಾದ ಇಬ್ರು ಗೋಲ್‌ಕೀಪರ್‌ಗೂ ಪೆಟ್ಟಾಗಿ 42 ವರ್ಷದ ಅವನು ಇಳಿದ, 10 ಶಾಟಲ್ಲಿ 8 ತಡೆದ, ನಿಮ್ಮ ಲೀಫ್ಸ್ ಸೋತ್ರು. ಅದನ್ನ ನೆನಪು ಮಾಡ್ತಿರೋದು ನೀವೇ ನೋಡಿ!

ಟೊರಾಂಟೊ_ತಿಪ್ಪೇಶಿ

ಅಯ್ಯೋ ಮೇಡಂ, ಗಾಯಕ್ಕೆ ಉಪ್ಪು. ಆದ್ರೆ ಲೀಫ್ಸಿಗೂ ಒಂದು ಒಳ್ಳೆ ಕಥೆ ಇದೆ. ಲೇಟನ್ ಮುರಿದ ಶಟ್‌ಔಟ್ ದಾಖಲೆ ಯಾರದ್ದು ಹೇಳಿ, ಜಾನಿ ಬವರ್‌ದು, 45. ಆತ ವರ್ಷಗಟ್ಟಲೆ ಕ್ಲೀವ್‌ಲೆಂಡ್‌ನಲ್ಲಿ ಕೆಳಗಿನ ಲೀಗಲ್ಲೇ ಆಡಿದ್ದು. ಆಗ ಎನ್‌ಎಚ್‌ಎಲ್‌ನಲ್ಲಿ ಆರೇ ಟೀಮು, ಟೀಮಿಗೆ ಒಬ್ಬನೇ ಗೋಲ್‌ಕೀಪರ್, ಅಂದ್ರೆ ಭೂಮಿ ಮೇಲೆ ಆರು ಕೆಲಸ. 1958ರಲ್ಲಿ, ಎಲ್ರೂ ಬಿಡೋ ವಯಸ್ಸಲ್ಲಿ, ಮೂವತ್ಮೂರರ ಮೇಲೆ ಟೊರಾಂಟೊ ಕರೆಸ್ತು. ನಾಲ್ಕು ಸ್ಟಾನ್ಲಿ ಕಪ್ ಗೆದ್ದ, 1967ರದ್ದೂ ಸೇರಿ. ನಮ್ಮವರು ಆಮೇಲೆ ಗೆದ್ದೇ ಇಲ್ಲ, ಅದನ್ನ ಯಾರೂ ಎತ್ಬೇಡಿ.

ಕುಂದಾಪ್ರ_ಮೇಳ

ಭಾರತದವರು ಯಾರಾದ್ರೂ ಉಂಟಾ ಈ ಸರ್ಕಸ್ಸಲ್ಲಿ?

ಟೊರಾಂಟೊ_ತಿಪ್ಪೇಶಿ

ಇದಾರೆ ಸಾರ್, ಪಂಜಾಬಿ ಮೂಲದವರು. ರಾಬಿನ್ ಬಾವಾ, ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನವನು, 1989ರಲ್ಲಿ ವಾಷಿಂಗ್ಟನ್ ಪರ ಇಳಿದಾಗ ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದವನು. ನಾಲ್ಕು ಟೀಮು, 61 ಮ್ಯಾಚು, ಉಳಿದಿದ್ದೆಲ್ಲ ಫೋರ್ಟ್ ವೇನ್ ಥರದ ಊರುಗಳು. ಪಕ್ಕಾ ಜರ್ನಿಮ್ಯಾನ್. ಈಗ ಆರ್ಶ್‌ದೀಪ್ ಬೇನ್ಸ್ ಅಂತ ಸರ್ರೆ ಹುಡುಗ, ಡ್ರಾಫ್ಟಲ್ಲಿ ಯಾರೂ ತಗೊಳ್ಳದವನು, 2025ರಲ್ಲಿ ಅಬಾಟ್ಸ್‌ಫರ್ಡ್ ಟೀಮ್ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಾಗ ಟೀಮಲ್ಲಿದ್ದ. ಕೋಚ್ ಮ್ಯಾನಿ ಮಲ್ಹೋತ್ರಾ. ಫೈನಲಲ್ಲಿ ಸೋತಿದ್ದು ಯಾರು ಅಂತ ಸುಮಾ ಮೇಡಂ ಹೇಳ್ತಾರೆ 😀

ಷಾರ್ಲೆಟ್_ಸುಮಾ

ಲೆಕ್ಕ ಚುಕ್ತಾ ಮಾಡ್ಕೊಂಡ್ರಾ! ಹೌದು ನಮ್ಮ ಷಾರ್ಲೆಟ್ ಚೆಕರ್ಸೇ.

ಆದ್ರೆ ನಾನು ನಿಜವಾಗ್ಲೂ ಹೇಳ್ಬೇಕು ಅಂತಿದ್ದಿದ್ದು ಬೇರೆ. 2018ರ ಮೇ 9, ಷಾರ್ಲೆಟ್‌ನ ಬೊಜ್ಯಾಂಗಲ್ಸ್ ಕೊಲಿಸಿಯಂ. ಬುಧವಾರ, ಬೆಳಿಗ್ಗೆ ಮಗಂಗೆ ಸ್ಕೂಲು, ಒಂಬತ್ತೂವರೆಗೆ ಮನೆಗೆ ಹೋಗಣ ಅಂತ ಹೋಗಿದ್ವಿ. 1-1. ಓವರ್‌ಟೈಮು. ಇನ್ನೊಂದು. ಮತ್ತೊಂದು. ತಿಂಡಿ ಕೌಂಟರ್ ಖಾಲಿ, ಮಗ ನನ್ನ ಕೋಟಿನ ಮೇಲೆ ಮಲಗಿಬಿಟ್ಟಿದಾನೆ, ಬ್ಯಾಗಲ್ಲಿದ್ದ ಚಕ್ಕುಲಿ ಡಬ್ಬಿ ಹಿಂದಿನ ಸಾಲಿನ ಅಪರಿಚಿತರಿಗೆಲ್ಲ ಹಂಚಿದೀನಿ. ಎದುರಿನ ಲಿಹಾಯ್ ವ್ಯಾಲಿ ಗೋಲ್‌ಕೀಪರ್ ಅಲೆಕ್ಸ್ ಲಯನ್ 94 ಶಾಟ್ ತಡೆದ. ಕೊನೆಕೊನೆಗೆ ಒಂದೊಂದು ಸಲ ಬಗ್ಗಿ ಏಳುವಾಗ ಗೋಲ್ ಕಂಬ ಹಿಡ್ಕೊಂಡು ಏಳ್ತಿದ್ದ, ನಮ್ಮತ್ತೆ ಮಂಡಿನೋವಲ್ಲಿ ಮೆಟ್ಟಿಲ ಕಂಬಿ ಹಿಡ್ಕೊಂಡು ಏಳ್ತಾರಲ್ಲ ಥೇಟ್ ಹಾಗೇ. ಐದನೇ ಓವರ್‌ಟೈಮಲ್ಲಿ ಅಲೆಕ್ಸ್ ಕ್ರುಶೆಲ್‌ನಿಸ್ಕಿ ಗೋಲ್ ಹೊಡೆದಾಗ ರಾತ್ರಿ ಒಂದು ದಾಟಿತ್ತು. 146 ನಿಮಿಷ 48 ಸೆಕೆಂಡ್, ಎಎಚ್‌ಎಲ್‌ನಲ್ಲೇ ಅತಿ ಉದ್ದದ ಮ್ಯಾಚು. ಸೋತಿದ್ದು ನಮ್ಮವರು, ಆದ್ರೂ ಯಾರೂ ಬಯ್ಕೊಂಡು ಹೋಗ್ಲಿಲ್ಲ, ಎಲ್ರಿಗೂ ನಿದ್ದೆ.

ಆಗ ಮುರಿದ ಹಳೇ ದಾಖಲೆ ಯಾವುದು ಗೊತ್ತಾ. 2008ರ ಏಪ್ರಿಲ್ 24, ಆಲ್ಬನಿ ಮತ್ತೆ ಫಿಲಡೆಲ್ಫಿಯಾ ಫ್ಯಾಂಟಮ್ಸ್, ಅದೂ ಐದು ಓವರ್‌ಟೈಮು, 142 ನಿಮಿಷ 58 ಸೆಕೆಂಡ್. ಆಲ್ಬನಿ ಗೋಲಲ್ಲಿ ನಿಂತಿದ್ದವನು ಲೇಟನ್. 101 ಶಾಟ್ ಬಂತು, 98 ತಡೆದ, 3-2 ಸೋತ.

ಬಸವನಗುಡಿ_ಬೌಲರ್

98 ತಡೆದು ಸೋತನಾ? ಗುರು ಇದು ಅನ್ಯಾಯ. ಒಂದು ಮಾಮೂಲಿ ಮ್ಯಾಚಲ್ಲಿ ಗೋಲ್‌ಕೀಪರ್ 30 ತಡೆದ್ರೆ ಚೆನ್ನಾಗಾಡಿದ ಅಂತಾರೆ. ಮೂರು ಮ್ಯಾಚಿನ ಕೆಲಸ ಒಂದೇ ರಾತ್ರಿ ಮಾಡಿದಾನೆ. ನನ್ನ ಮೊದಲ ಕಾಮೆಂಟ್ ಸ್ವಲ್ಪ ಖಾರ ಆಯ್ತು, ಬಿಡಿ.

ರಾಕ್‌ಫರ್ಡ್_ರಘು

ಆ ವರ್ಷ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿನೂ ಅವನಿಗೇ ಬಂತು.

ರಾಕ್‌ಫರ್ಡ್‌ನ ಇನ್ನೊಂದು ವಿಷಯ ಹೇಳಿಬಿಡ್ತೀನಿ. ನಾನು ನೋಡೋಕೆ ಶುರು ಮಾಡಿದ ಆ ಸೀಸನಲ್ಲಿ ಲೇಟನ್ ಜೊತೆಗಿದ್ದ ಇನ್ನೊಬ್ಬ ಗೋಲ್‌ಕೀಪರ್ ಸ್ಕಾಟ್ ಡಾರ್ಲಿಂಗ್. ಷಿಕಾಗೋ ಹೊರವಲಯದ ಲೆಮಾಂಟ್ ಹುಡುಗ, ಆರೂವರೆ ಅಡಿ ಆಳು, ಕುಡಿತಕ್ಕೆ ಬಿದ್ದು ಕಾಲೇಜ್ ಟೀಮಿಂದ ಹೊರಬಿದ್ದು ಎಸ್‌ಪಿಎಚ್‌ಎಲ್ ಅಂತ ತೀರಾ ಕೆಳಗಿನ ಲೀಗಿಗೆ, ಲೂಸಿಯಾನ, ಮಿಸಿಸಿಪಿ ಕಡೆಗೆ ಹೋಗಿದ್ದ. 2011ರಲ್ಲಿ ಕುಡಿತ ಬಿಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಬಂದ. 2015ರ ಪ್ಲೇಆಫಲ್ಲಿ ನ್ಯಾಷ್‌ವಿಲ್ ಮೇಲೆ ಮೊದಲ ಮ್ಯಾಚಲ್ಲಿ ಷಿಕಾಗೋದ ಗೋಲ್‌ಕೀಪರ್ ಕೋರಿ ಕ್ರಾಫರ್ಡ್ ಮೂರು ಗೋಲ್ ಬಿಟ್ಟಾಗ ಇವನನ್ನ ಇಳಿಸಿದ್ರು, ಬಂದ 42 ಶಾಟಲ್ಲಿ ಒಂದೂ ಬಿಡ್ಲಿಲ್ಲ, ಎರಡನೇ ಓವರ್‌ಟೈಮಲ್ಲಿ ಗೆದ್ರು. ಆ ವರ್ಷ ಕಪ್ಪೂ ಬಂತು. ಹಿಂದಿನ ವರ್ಷ ಅವನು ಆಡ್ತಿದ್ದಿದ್ದು ಮಿಲ್ವಾಕಿಯಲ್ಲಿ, ಅದು ಯಾರ ಮರಿ ಟೀಮು, ನ್ಯಾಷ್‌ವಿಲ್‌ದೇ!

ರಾಕ್‌ಫರ್ಡ್‌ನಲ್ಲಿ ಒಂದೇ ಲಾಕರ್ ರೂಮಲ್ಲಿದ್ದ ಇಬ್ರು, ಒಬ್ಬನಿಗೆ ಫೋನ್ ಬಂತು, ಇನ್ನೊಬ್ಬ ಮೂವತ್ತನಾಲ್ಕಕ್ಕೂ ಅಲ್ಲೇ ಇದ್ದ. ಡಾರ್ಲಿಂಗ್ ಆಮೇಲೆ ಕ್ಯಾರೊಲೈನಾದಲ್ಲಿ ವರ್ಷಕ್ಕೆ 41.5 ಲಕ್ಷ ಡಾಲರ್ ಕಾಂಟ್ರಾಕ್ಟ್ ಸಿಕ್ಕಿ, ಆಟ ಕೆಟ್ಟು, ಎರಡೇ ವರ್ಷಕ್ಕೆ ಅದೂ ಮುಗೀತು. ಲೇಟನ್ ಯೂಟಿಕಾ ತನಕ ಆಡ್ತಾನೇ ಇದ್ದ.

ಕುಂದಾಪ್ರ_ಮೇಳ

ಅಲ್ಲ, ಒಂದು ಸಂಶಯ. ಕೇನ್ ಹೊಡೆದ ಆ ಪಕ್ ಬಲೆಯ ಬುಡದಲ್ಲಿ ಸಿಕ್ಕಿಕೊಂಡಿತು ಅಂದ್ರಲ್ಲ. 49 ವರ್ಷದ ನಂತರ ಕಪ್ ತಂದ ಪಕ್, ಮ್ಯೂಸಿಯಂನಲ್ಲಿ ಇರಬೇಕಲ್ವಾ?

ಟೊರಾಂಟೊ_ತಿಪ್ಪೇಶಿ

ಕಳೆದೋಗಿದೆ ಸಾರ್! ಇವತ್ತಿನವರೆಗೂ ಸಿಕ್ಕಿಲ್ಲ. ಷಿಕಾಗೋದ ಹೋಟೆಲ್ ಮಾಲೀಕರೊಬ್ರು 50 ಸಾವಿರ ಡಾಲರ್ ಬಹುಮಾನ ಇಟ್ರು. ಎಫ್‌ಬಿಐ ಏಜೆಂಟುಗಳೂ ಕೂತ್ಕೊಂಡು ಫೋಟೋ ವಿಡಿಯೋ ನೋಡಿದ್ರು ಅಂದ್ರೆ ನಂಬ್ತೀರಾ. ಫಿಲಡೆಲ್ಫಿಯಾದ ಕ್ರಿಸ್ ಪ್ರಾಂಗರ್ ಮೇಲೆ ಎಲ್ರಿಗೂ ಅನುಮಾನ, ಯಾಕಂದ್ರೆ ಅದೇ ಫೈನಲಲ್ಲಿ ಮೊದಲೆರಡು ಮ್ಯಾಚ್ ಮುಗಿದಾಗ ಷಿಕಾಗೋದವರನ್ನ ರೇಗಿಸೋಕೆ ಪಕ್ ಎತ್ಕೊಂಡು ಹೋಗಿದ್ದ. ನಾನಲ್ಲ ಅಂದ. ಒಬ್ಬ ಲೈನ್ಸ್‌ಮನ್‌ನೂ ಕೇಳಿದ್ರು, ಅವನೂ ನಾನಲ್ಲ ಅಂದ.

ಧಾರವಾಡ_ಪೇಡೆ

ಐವತ್ತ ಸಾವಿರ ಡಾಲರ್! ಅಂದ್ರ ಕೆಳಗಿನ ಲೀಗನ್ಯಾಗ ಒಂದ್ ವರ್ಷ ಆಡಿದ್ದಕ್ಕಿಂತ ಹೆಚ್ಚಾತಲ್ರಿ. ಪಕ್ಕಿಗೆ ಇರೋ ಬೆಲಿ ಮನಷ್ಯಾಗ ಇಲ್ಲ.

ರಾಕ್‌ಫರ್ಡ್_ರಘು

ಸರಿಯಾಗಿ ಹೇಳಿದ್ರಿ ಸಾರ್. ಪಕ್ ಕಥೆ ನನಗೆ ಗೊತ್ತಾಗಿದ್ದೂ ಆ ತಾತನಿಂದಲೇ. ಎರಡನೇ ಚಳಿಗಾಲ, ಆಟ ನಡೀತಾ ಇತ್ತು, ಲೇಟನ್ ನಮ್ಮ ಕಡೆಯ ಗೋಲಲ್ಲೇ ಇದ್ದ. ಆಟ ನಿಂತಾಗೆಲ್ಲ ಬಲಗಡೆ ಕಂಬಕ್ಕೆ ಒಂದು, ಎಡಗಡೆ ಕಂಬಕ್ಕೆ ಒಂದು ಸ್ಟಿಕ್ಕಲ್ಲಿ ಟಣ್ ಟಣ್ ಅಂತ ತಟ್ಟಿ, ಬಾಟಲಿಯಿಂದ ಮುಖಕ್ಕೆ ನೀರು ಚಿಮ್ಮಿಸ್ಕೊಂಡು, ಆಮೇಲೆ ಬಗ್ಗೋನು. ಹಾಗಾದ್ರೆ ಆ ಪಕ್ ಯಾರ ಹತ್ರ ಇರಬಹುದು ಅಂತ ತಾತನ್ನ ಕೇಳ್ದೆ. ಅವರು ಪಾಪ್‌ಕಾರ್ನ್ ಕೈಯಲ್ಲೇ ಲೇಟನ್ ಕಡೆ ತೋರಿಸಿ, ಅವನನ್ನೇ ಕೇಳು, ಕೊನೇಲಿ ಹತ್ರ ಇದ್ದವನು ಅವನೇ, ಆದ್ರೆ ಅವನೂ ನೋಡ್ಲಿಲ್ಲ ಅಂತಾನೆ ಅಂದ್ರು.